ಮುಂಬೈಯಲ್ಲಿ ಧ್ವನಿವರ್ಧಕದ ಕಾಟ: ಬಿದ್ದುಹೋಗದ ದೂರು ಕೊಡುವುದು ಹೇಗೆ?

ಮುಂಬೈಯಲ್ಲಿ ಶಬ್ದದ ವಿರುದ್ಧ ದೂರು ಕೊಟ್ಟು ಕೈಚೆಲ್ಲಿದವರೆಲ್ಲ ಹೆಚ್ಚುಕಡಿಮೆ ಒಂದೇ ಕತೆ ಹೇಳುತ್ತಾರೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದೆವು, ಪೊಲೀಸ್ ಗಾಡಿ ಬಂತು, ಶಬ್ದ ನಿಂತಿತು. ಗಾಡಿ ನಾಕಾ ದಾಟುತ್ತಲೇ ಮತ್ತೆ ಶುರುವಾಯಿತು. ಮರುದಿನ ಠಾಣೆಗೆ ಹೋದರೆ ‘ಡೆಸಿಬಲ್ ಎಷ್ಟಿತ್ತು ಹೇಳಿ’ ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ, ಹಿಂದಿರುಗಿದೆವು.

ಈ ಕತೆಯಲ್ಲಿ ಸೋಲುವುದು ಕಾನೂನಲ್ಲ, ದೂರಿನ ಕ್ರಮ. ಜನ ಮೊದಲು ಡೆಸಿಬಲ್ ಹಿಡಿದುಕೊಳ್ಳುತ್ತಾರೆ. ಅದು ಕೊನೆಗೆ ಬರಬೇಕಾದ ವಿಷಯ. ಮೊದಲು ನೋಡಬೇಕಾದದ್ದು ಗಡಿಯಾರ, ಆಮೇಲೆ ಪರವಾನಗಿ, ಎರಡೂ ಸರಿಯಿದ್ದರೆ ಮಾತ್ರ ಡೆಸಿಬಲ್. ಈ ಅನುಕ್ರಮ ತಲೆಯಲ್ಲಿದ್ದರೆ ಠಾಣೆಯಲ್ಲಿ ಕೇಳುವ ಮುಕ್ಕಾಲು ಪ್ರಶ್ನೆಗಳಿಗೆ ನಿಂತಲ್ಲೇ ಉತ್ತರ ಸಿಗುತ್ತದೆ.

## ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಒಂದು ನೋಟ್‌ಬುಕ್, ದಿನಾಂಕ ಮತ್ತು ಸಮಯ ಸರಿಯಾಗಿರುವ ಮೊಬೈಲ್, ನಿಮ್ಮ ಪೊಲೀಸ್ ಠಾಣೆಯ ಹೆಸರು, ನಿಮ್ಮ ಪ್ರದೇಶದ ಪಾಲಿಕೆ ವಾರ್ಡ್. ಕುರ್ಲಾ ಎಲ್ ವಾರ್ಡ್, ಘಾಟ್ಕೋಪರ್ ಎನ್, ಮುಲುಂಡ್ ಟಿ, ಮಾಟುಂಗ ಮತ್ತು ಸಯಾನ್ ಎಫ್ ಉತ್ತರ. ಮನೆಯ ಸುತ್ತಲಿನ ಜಾಗಗಳು ಯಾವ ಯಾವ ಠಾಣೆಯ ಹದ್ದಿನಲ್ಲಿವೆ ಎಂಬುದನ್ನು ಹಗಲು ಹೊತ್ತಿನಲ್ಲೇ ಖಚಿತಪಡಿಸಿಕೊಳ್ಳಿ. ರಸ್ತೆಯ ಒಂದು ಬದಿ ಒಂದು ಠಾಣೆಗೆ, ಇನ್ನೊಂದು ಬದಿ ಮತ್ತೊಂದಕ್ಕೆ ಸೇರಿರುವ ಜಾಗಗಳು ಇಲ್ಲಿ ಬೇಕಾದಷ್ಟಿವೆ. ಇಲ್ಲಿ ಮುಖ್ಯ ನಿಮ್ಮ ಮನೆಯಲ್ಲ, ಶಬ್ದ ಹೊರಡುವ ಜಾಗ.

ಡೆಸಿಬಲ್ ಮೀಟರ್ ಕೊಳ್ಳಲು ಓಡಬೇಡಿ. ಅದು ಬೇಕೇ ಬೇಡವೇ ಎಂಬುದು ಗಡಿಯಾರ, ಪರವಾನಗಿ ಎರಡನ್ನೂ ನೋಡಿದ ಮೇಲೆ ತಿಳಿಯುತ್ತದೆ.

## ಹಂತ 1: ಗಡಿಯಾರ ನೋಡಿ

2000ನೇ ಇಸವಿಯ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ರಾತ್ರಿ ಎಂದರೆ ರಾತ್ರಿ 10ರಿಂದ ಬೆಳಿಗ್ಗೆ 6. ಈ ಅವಧಿಯಲ್ಲಿ ಧ್ವನಿವರ್ಧಕ, ಆಂಪ್ಲಿಫೈಯರ್, ವಾದ್ಯ, ಶಬ್ದ ಹೊರಡಿಸುವ ಯಾವುದೇ ಉಪಕರಣವನ್ನು ತೆರೆದ ಜಾಗದಲ್ಲಿ ಬಳಸುವಂತಿಲ್ಲ. ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗದಲ್ಲಿ ಒಳಗಿನವರಿಗಷ್ಟೇ ಕೇಳಿಸುವಂತೆ ಬಳಸಬಹುದು. ಸಾರ್ವಜನಿಕ ತುರ್ತು ಸಂದರ್ಭ ಇನ್ನೊಂದು ವಿನಾಯಿತಿ.

ಹಾಗಾಗಿ ರಾತ್ರಿ 10 ದಾಟಿ ಬೀದಿಯ ಪೆಂಡಾಲಿನಲ್ಲಿ ಡಿಜೆ ಮೊಳಗುತ್ತಿದ್ದರೆ ಅದು ಎಷ್ಟು ಡೆಸಿಬಲ್ ಎಂದು ನೀವು ಸಾಬೀತು ಮಾಡಬೇಕಿಲ್ಲ. ಅದೇ ನಿಯಮಗಳ 7ನೇ ನಿಯಮ ಎರಡು ಸಂದರ್ಭಗಳಲ್ಲಿ ದೂರಿಗೆ ಅವಕಾಶ ಕೊಡುತ್ತದೆ: ಶಬ್ದ ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು ಏರಿದಾಗ, ಅಥವಾ ರಾತ್ರಿಯ ನಿರ್ಬಂಧ ಮುರಿದಾಗ. ನಡುವೆ ಇರುವ ಆ ‘ಅಥವಾ’ವನ್ನು ಬಿಟ್ಟುಕೊಟ್ಟರೆ ಅರ್ಧ ದೂರು ಅಲ್ಲೇ ಹೋಯಿತು. ‘ಡೆಸಿಬಲ್ ಎಷ್ಟಿತ್ತು’ ಎಂದು ಕೇಳಿದರೆ, ‘ಸಾಹೇಬರೇ, ರಾತ್ರಿ 11.20 ಆಗಿತ್ತು, ತೆರೆದ ಜಾಗ, 7ನೇ ನಿಯಮದ ಎರಡನೆಯ ಭಾಗ’ ಎಂದು ಸಮಾಧಾನದಿಂದ ಹೇಳಿ.

ಒಂದು ಅಪವಾದವಿದೆ. ಹಬ್ಬ ಮತ್ತು ಸಾಂಸ್ಕೃತಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ರಾತ್ರಿ 10ರಿಂದ 12ರ ತನಕ ಸಡಿಲಿಕೆ ಕೊಡಬಹುದು. ಅದು ವರ್ಷವೊಂದಕ್ಕೆ ಒಟ್ಟು 15 ದಿನ ಮೀರುವಂತಿಲ್ಲ, ಆ ದಿನಗಳನ್ನು ಮುಂಚಿತವಾಗಿಯೇ ಪ್ರಕಟಿಸಬೇಕು. ಗಣೇಶೋತ್ಸವದ ಕೆಲವು ದಿನಗಳು, ನವರಾತ್ರಿಯ ಕೊನೆಯ ದಿನಗಳು ಸಾಮಾನ್ಯವಾಗಿ ಈ ಪಟ್ಟಿಯಲ್ಲಿರುತ್ತವೆ. ದೂರು ಬರೆಯುವ ಮೊದಲು ಆ ವರ್ಷದ ಪಟ್ಟಿ ನೋಡಿಕೊಳ್ಳಿ. ಇದು ಸಡಿಲಿಕೆಯ ದಿನ ಎಂದು ಎದುರಿನವರು ಹೇಳಿದಾಗ ನಿಮಗೆ ಗೊತ್ತಿಲ್ಲದಿದ್ದರೆ ದೂರು ಅಲ್ಲೇ ಬಿದ್ದುಹೋಗುತ್ತದೆ. ಗಣೇಶೋತ್ಸವದ ಹತ್ತೂ ದಿನ ಸಡಿಲಿಕೆ ಇರುತ್ತದೆ ಎಂದು ಉತ್ಸವ ನಡೆಸುವ ಮಂಡಳದ ಹುಡುಗರು ಪ್ರಾಮಾಣಿಕವಾಗಿಯೇ ನಂಬಿರುವುದೂ ಉಂಟು. ಸಡಿಲಿಕೆಯ ದಿನವೂ 12ರ ನಂತರ ಯಾವ ಅವಕಾಶವೂ ಇಲ್ಲ.

ಇಲ್ಲಿ ನಮ್ಮ ಮುಂಬೈ ಕನ್ನಡಿಗರಿಗೂ ಒಂದು ಮಾತು. ಮುಚ್ಚಿದ ಸಭಾಗೃಹದೊಳಗೆ ನಡೆಯುವ ಯಕ್ಷಗಾನದ ವಿಷಯ ಬೇರೆ. ಶಾಲೆಯ ಮೈದಾನದಲ್ಲಿ ಶಾಮಿಯಾನ ಕಟ್ಟಿ ಮಧ್ಯರಾತ್ರಿಯವರೆಗೆ ಆಡಿಸುವ ಪ್ರಸಂಗಕ್ಕೆ ಡಿಜೆಗಿರುವ ನಿಯಮವೇ ಅನ್ವಯಿಸುತ್ತದೆ. ಚೆಂಡೆ ಕೂಡ ವಾದ್ಯವೇ. ಮೈಕ್ ಇಲ್ಲದೆ ಬಾರಿಸಿದರೂ ರಾತ್ರಿ 10ರ ಗೆರೆ ಅದಕ್ಕೂ ಉಂಟು. ಪಕ್ಕದ ಬೀದಿಯ ಮಂಡಳದ ಮೇಲೆ ದೂರು ಕೊಡಲು ಹೊರಟ ಸಂಘದವರು ತಮ್ಮ ವಾರ್ಷಿಕೋತ್ಸವದ ವೇಳಾಪಟ್ಟಿಯನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

## ಹಂತ 2: ಶಬ್ದ ಎಲ್ಲಿಂದ ಬರುತ್ತಿದೆ ಎಂದು ಗುರುತಿಸಿ

‘ಹಿಂದಿನ ಗಲ್ಲಿಯಿಂದ’ ಎಂದರೆ ಸಾಲದು. ಮಂಡಳದ ಪೆಂಡಾಲೋ, ಮದುವೆ ಲಾನೋ, ಪ್ರಾರ್ಥನಾ ಸ್ಥಳವೋ, ಕಟ್ಟಡ ಕಾಮಗಾರಿಯೋ, ನಿಮ್ಮ ಸೊಸೈಟಿಯದೇ ಫ್ಲ್ಯಾಟೋ ಎಂಬುದು ಗೊತ್ತಿರಬೇಕು. ಹೋಗಬೇಕಾದ ದಾರಿ ಇದರ ಮೇಲೆ ಬದಲಾಗುತ್ತದೆ.

ಮದುವೆಯ ಲಾನ್ ಮುಚ್ಚಿದ ಜಾಗವಲ್ಲ. ಹಾಲ್ ಒಳಗೆ ಡಿಜೆ ಇಟ್ಟು ಬಾಗಿಲು ತೆರೆದಿಟ್ಟಿದ್ದರೆ, ಶಬ್ದ ಹೊರಗೆ ಬರುತ್ತಿರುವುದನ್ನು ಬರೆದುಕೊಳ್ಳಿ.

ಕಟ್ಟಡ ಕಾಮಗಾರಿಯಾದರೆ ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು ಶಬ್ದ ಮಾಡುವ ಯಂತ್ರಗಳನ್ನು ಓಡಿಸುವಂತಿಲ್ಲ. ಇದಕ್ಕೆ ಪೊಲೀಸರ ಜೊತೆಗೆ ಪಾಲಿಕೆಯ ವಾರ್ಡ್ ಕಚೇರಿಗೂ ದೂರು ಕೊಡಿ. ಬಿಲ್ಡರ್‌ಗೆ ಕಾಮಗಾರಿಯ ಅನುಮತಿ ಕೊಟ್ಟಿರುವುದು ಪಾಲಿಕೆ. ಆ ಅನುಮತಿಯ ಮೇಲೆ ಪ್ರಶ್ನೆ ಬಂತೆಂದರೆ ಅವನು ಪೊಲೀಸರಿಗಿಂತ ಹೆಚ್ಚು ಹೆದರುತ್ತಾನೆ. ಪಾಲಿಕೆಯ ಸಹಾಯವಾಣಿ 1916.

ನಿಮ್ಮದೇ ಸೊಸೈಟಿಯ ಮೇಲಿನ ಮನೆಯವರು ರಾತ್ರಿ ಹೋಮ್ ಥಿಯೇಟರ್ ಹಾಕುತ್ತಿದ್ದರೆ ಮೊದಲು ಕಾರ್ಯದರ್ಶಿಗೆ ಲಿಖಿತ ಪತ್ರ ಕೊಡಿ. ಮ್ಯಾನೇಜಿಂಗ್ ಕಮಿಟಿ ನೋಟಿಸ್ ಕೊಟ್ಟಿತೆಂಬ ದಾಖಲೆ ಇದ್ದರೆ ಠಾಣೆಯಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ.

## ಹಂತ 3: ಅಂದೇ ರಾತ್ರಿ ಕರೆ ಮಾಡಿ

112ಕ್ಕೆ ಕರೆ ಮಾಡಿ. ಮರಾಠಿ ಬಾರದಿದ್ದರೆ ಹಿಂದಿಯಲ್ಲಿ ಹೇಳಿ. ಹೇಳಬೇಕಾದದ್ದು ನಾಲ್ಕೇ ಸಂಗತಿ: ಯಾವ ಜಾಗ, ಅದರ ಪಕ್ಕದ ಗುರುತು, ಏನು ಬಾರಿಸುತ್ತಿದ್ದಾರೆ, ಈಗ ಗಂಟೆ ಎಷ್ಟು. ಅಜ್ಜಿಗೆ ನಿದ್ದೆ ಬರುತ್ತಿಲ್ಲ, ಮಗುವಿಗೆ ನಾಳೆ ಪರೀಕ್ಷೆ ಎಂಬುದೆಲ್ಲ ನಿಜವೇ. ಆದರೆ ಆ ಕಡೆ ಫೋನ್ ಹಿಡಿದವರು ಅದನ್ನು ಎಲ್ಲಿಯೂ ಬರೆದುಕೊಳ್ಳುವುದಿಲ್ಲ. ಗಾಡಿ ಬಂದು ನಿಲ್ಲುವಷ್ಟು ಸ್ಪಷ್ಟವಾದ ವಿಳಾಸ ಅವರಿಗೆ ಬೇಕು.

ಕರೆ ಮುಗಿಯುವ ಮೊದಲು ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಕರೆ ಮಾಡಿದ ಸಮಯ, ಗಾಡಿ ಬಂದ ಸಮಯ, ಶಬ್ದ ನಿಂತ ಸಮಯ, ಮತ್ತೆ ಶುರುವಾದ ಸಮಯ, ಈ ನಾಲ್ಕನ್ನೂ ನೋಟ್‌ಬುಕ್‌ನಲ್ಲಿ ಒಂದೇ ಸಾಲಿನಲ್ಲಿ ಬರೆಯಿರಿ. ಮತ್ತೆ ಶುರುವಾದರೆ ಮತ್ತೆ ಕರೆ ಮಾಡಿ. ನಾಚಿಕೆಪಡಬೇಡಿ. ಒಂದೇ ರಾತ್ರಿ ಎರಡು ಕರೆ ದಾಖಲಾಗಿದ್ದರೆ, ‘ನಾವು ಹೋಗಿ ನಿಲ್ಲಿಸಿ ಬಂದೆವು’ ಎಂಬ ಉತ್ತರಕ್ಕೆ ಅರ್ಥ ಉಳಿಯುವುದಿಲ್ಲ.

ನಿಮ್ಮ ಹೆಸರು ಹೇಳಲೇಬೇಕೇ? ಕುರ್ಲಾ ಪೂರ್ವದ ನೆಹರೂ ನಗರ ಪ್ರದೇಶದ ನಿವಾಸಿಗಳ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಕೊಟ್ಟ ತೀರ್ಪಿನಲ್ಲಿ ಇದಕ್ಕೆ ಉತ್ತರವಿದೆ. ಶಬ್ದದ ದೂರು ಬಂದಾಗ ಪೊಲೀಸರು ದೂರುದಾರರ ಗುರುತಿಗೆ ಪಟ್ಟು ಹಿಡಿಯಬಾರದು, ಆ ಗುರುತನ್ನು ಎದುರು ಪಕ್ಷಕ್ಕೆ ಬಿಟ್ಟುಕೊಡಬಾರದು. ಮೊದಲ ಬಾರಿ ಎಚ್ಚರಿಕೆ, ಎರಡನೆಯ ಬಾರಿ ದಂಡ, ಆಮೇಲೂ ಮುಂದುವರಿದರೆ ಉಪಕರಣ ವಶಪಡಿಸಿಕೊಂಡು ಪರವಾನಗಿ ರದ್ದುಪಡಿಸುವತ್ತ ಹೋಗಬೇಕೆಂಬ ಮೆಟ್ಟಿಲುಗಳನ್ನೂ ಅದೇ ತೀರ್ಪು ಹಾಕಿಕೊಟ್ಟಿದೆ. ಆದ್ದರಿಂದಲೇ ಮೊದಲ ದೂರು ದಾಖಲಾಗುವುದು ಮುಖ್ಯ. ಮೊದಲನೆಯದು ಕಾಗದದಲ್ಲಿ ಇಲ್ಲದಿದ್ದರೆ ನಿಮ್ಮ ಐದನೆಯ ದೂರಿಗೂ ‘ಎಚ್ಚರಿಕೆ ಕೊಟ್ಟಿದ್ದೇವೆ’ ಎಂಬ ಉತ್ತರವೇ ಬರುತ್ತದೆ.

ಈ ಹಂತದಲ್ಲಿ ಅತ್ಯಂತ ದೊಡ್ಡ ತಪ್ಪು ಕೆಳಗಿಳಿದು ಹೋಗಿ ಜಗಳವಾಡುವುದು. ಕುಡಿದು ಕುಣಿಯುತ್ತಿರುವವರ ಮುಂದೆ ನಿಯಮ ಓದಿ ಹೇಳಿ ಗೆದ್ದವರನ್ನು ನಾನಂತೂ ಕಂಡಿಲ್ಲ. ಕೈ ಮೀರಿದರೆ ಪೊಲೀಸರ ಮುಂದೆ ಎರಡೂ ಕಡೆಯವರು ಜಗಳಗಂಟರಾಗುತ್ತಾರೆ, ಶಬ್ದದ ವಿಷಯ ಮೂಲೆಗೆ ಸೇರುತ್ತದೆ.

## ಹಂತ 4: ಪರವಾನಗಿಯ ಬಗ್ಗೆ ಕೇಳಿ

ಹಗಲಿನಲ್ಲೂ ಲಿಖಿತ ಪರವಾನಗಿ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಗಲಿನ ದೂರಿನಲ್ಲಿ ಮೊದಲ ಪ್ರಶ್ನೆ ಇದೇ ಆಗಿರಲಿ.

ಇಲ್ಲಿ ಮಂಡಳಗಳವರು ಒಂದು ಕಾಗದ ತೋರಿಸಿ ಪಾರಾಗುವುದುಂಟು. ಪೆಂಡಾಲ್ ಕಟ್ಟಲು ಪಾಲಿಕೆ ಕೊಡುವ ಅನುಮತಿಯೇ ಬೇರೆ, ಧ್ವನಿವರ್ಧಕಕ್ಕೆ ಪೊಲೀಸರು ಕೊಡುವ ಪರವಾನಗಿಯೇ ಬೇರೆ. ಪಾಲಿಕೆಯ ಲಾಂಛನವಿರುವ ಪತ್ರವನ್ನು ಪ್ಲಾಸ್ಟಿಕ್ ಹೊದಿಸಿ ಪೆಂಡಾಲಿನ ಕಂಬಕ್ಕೆ ಕಟ್ಟಿರುತ್ತಾರೆ. ಅದನ್ನು ನೋಡಿ ‘ಎಲ್ಲ ಅನುಮತಿ ಇದೆ’ ಎಂದುಕೊಂಡು ಹಿಂದಿರುಗಿದವರಿದ್ದಾರೆ. ಹತ್ತಿರ ಹೋಗಿ ಓದಿ. ಯಾವ ಕಚೇರಿ ಕೊಟ್ಟದ್ದು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಸಮಯದೊಳಗೆ, ಯಾವ ಜಾಗಕ್ಕೆ? ಧ್ವನಿವರ್ಧಕದ ಮಾತೇ ಅದರಲ್ಲಿ ಇಲ್ಲದಿದ್ದರೆ ನಿಮಗೆ ಬೇಕಾದ ಅಂಶ ಸಿಕ್ಕಂತೆ. ಫೋಟೊ ತೆಗೆದುಕೊಳ್ಳಿ, ಗುಂಪು ಇಲ್ಲದ ಬೆಳಗಿನ ಹೊತ್ತಿನಲ್ಲಿ.

## ಹಂತ 5: ಈಗ ಡೆಸಿಬಲ್

ಹಗಲು ಹೊತ್ತು, ಪರವಾನಗಿಯೂ ಇದೆ, ಆದರೂ ಕಿಟಕಿ ಗಾಜು ನಡುಗುತ್ತಿದೆ ಎಂದಾದರೆ ಅಳತೆ ಬೇಕು. ಮಿತಿಗಳು ಹೀಗಿವೆ:

- ವಸತಿ ಪ್ರದೇಶ: ಹಗಲು 55, ರಾತ್ರಿ 45
- ವಾಣಿಜ್ಯ ಪ್ರದೇಶ: ಹಗಲು 65, ರಾತ್ರಿ 55
- ಕೈಗಾರಿಕಾ ಪ್ರದೇಶ: ಹಗಲು 75, ರಾತ್ರಿ 70
- ನಿಶ್ಶಬ್ದ ವಲಯ: ಹಗಲು 50, ರಾತ್ರಿ 40

ಸಾರ್ವಜನಿಕ ಜಾಗದ ಧ್ವನಿವರ್ಧಕಕ್ಕೆ ಇನ್ನೊಂದು ಲೆಕ್ಕವಿದೆ. ಆ ಜಾಗದ ಗಡಿಯಲ್ಲಿ ಶಬ್ದವು ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು, ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ವಸತಿ ಪ್ರದೇಶದಲ್ಲಿ ಹಗಲಿಗೆ ಅದು 65. ಸಡಿಲಿಕೆಯ ದಿನ ರಾತ್ರಿ 10ರಿಂದ 12ರವರೆಗೆ ರಾತ್ರಿಯ ಮಿತಿಯ ಮೇಲೆ ಲೆಕ್ಕ ಹಾಕಿದರೆ 55. ಸಡಿಲಿಕೆ ಸಮಯಕ್ಕೆ ಸಿಕ್ಕಿದ್ದೇ ಹೊರತು ಮಟ್ಟಕ್ಕಲ್ಲ. ಖಾಸಗಿ ಜಾಗದ ಸಂಗೀತ ವ್ಯವಸ್ಥೆಗೆ ಗಡಿಯಲ್ಲಿ ಹೆಚ್ಚುವರಿ 5 ಡೆಸಿಬಲ್ ಮಾತ್ರ.

ಐದು ಡೆಸಿಬಲ್ ಏನು ಮಹಾ ಎನ್ನಬೇಡಿ. ಈ ಮಾಪನ ಕೂಡುತ್ತಾ ಹೋಗುವುದಲ್ಲ, ಗುಣಿಸುತ್ತಾ ಹೋಗುವುದು. 3 ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, 10 ಏರಿದರೆ ಹತ್ತು ಪಟ್ಟಾಗುತ್ತದೆ.

ನಿಶ್ಶಬ್ದ ವಲಯದ ಬಗ್ಗೆ ಎಚ್ಚರ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ತಾನಾಗಿಯೇ ನಿಶ್ಶಬ್ದ ವಲಯ ಎಂಬ ನಂಬಿಕೆ ಈಗಲೂ ಇದೆ. 2017ರ ತಿದ್ದುಪಡಿಯ ಪ್ರಕಾರ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗ ಮಾತ್ರ ನಿಶ್ಶಬ್ದ ವಲಯ. ಅಧಿಸೂಚನೆ ನೋಡದೆ ದೂರಿನಲ್ಲಿ ಆ ಪದ ಬಳಸಿದರೆ ಎದುರಿನವರಿಗೆ ನೀವೇ ಅಸ್ತ್ರ ಕೊಟ್ಟ ಹಾಗೆ.

ಮೊಬೈಲ್ ಆ್ಯಪ್‌ನ ಅಳತೆ ಕೇವಲ ಸೂಚನೆ. ಫೋನಿನ ಮೈಕ್ ಮಾತಿಗೆಂದು ಮಾಡಿದ್ದು, ಅದು ಡಿಜೆಯ ಮಂದ್ರ ಶಬ್ದವನ್ನು ಕಡಿಮೆ ತೋರಿಸುವ ಸಂಭವವೇ ಹೆಚ್ಚು. ಆದರೂ ಅಳೆಯುವುದಾದರೆ ಹೀಗೆ ಅಳೆಯಿರಿ: ಧ್ವನಿವರ್ಧಕ ಶುರುವಾಗುವ ಮೊದಲು ಐದು ನಿಮಿಷ, ಮೊಳಗುತ್ತಿರುವಾಗ ಐದು ನಿಮಿಷ, ನಿಂತ ಮೇಲೆ ಐದು ನಿಮಿಷ. ಜಾಗ ಒಂದೇ ಇರಲಿ, ಕಿಟಕಿ ತೆರೆದಿರಲಿ, ಪಕ್ಕದಲ್ಲಿ ಎಸಿಯ ಹೊರ ಯಂತ್ರ ಇರದಿರಲಿ, ಮೈಕಿನ ಮೇಲೆ ಬೆರಳು ಬೀಳದಿರಲಿ. ಮುಂಬೈಯ ದೊಡ್ಡ ರಸ್ತೆಗಳ ಬದಿಯಲ್ಲಿ ಬರೀ ಬಸ್ಸು ರಿಕ್ಷಾಗಳ ಸದ್ದೇ ಮಿತಿ ದಾಟಿರುತ್ತದೆ. ಮೊದಲು ಮತ್ತು ಆಮೇಲಿನ ಅಂಕಿ ಇಲ್ಲದೆ ನಡುವಿನ ಅಂಕಿಗೆ ಬೆಲೆಯಿಲ್ಲ. ಕ್ಷಣಮಾತ್ರ ಏರಿದ ಅತಿ ದೊಡ್ಡ ಅಂಕಿಯನ್ನು ಬರೆಯಬೇಡಿ. ಕಾನೂನು ನೋಡುವುದು ಒಂದು ಅವಧಿಯ ಸರಾಸರಿಯನ್ನು.

ದೂರಿನಲ್ಲಿ ಈ ಅಂಕಿಗಳನ್ನು ಕೊಟ್ಟು, ಮಾಪನಾಂಕ ಸರಿಪಡಿಸಿದ ಮೀಟರಿನಿಂದ ಪೊಲೀಸರೇ ಅಳೆಯಬೇಕೆಂದು ಕೋರಿ. ನಿಮ್ಮ ಅಂಕಿಯನ್ನು ಸಾಕ್ಷಿಯಾಗಿ ಇಡಬೇಡಿ, ಅಳತೆಗೆ ಕಾರಣವಾಗಿ ಇಡಿ.

ವೀಡಿಯೊಗಳ ವಿಷಯ: ಮೂಲ ಕಡತ ಫೋನಿನಲ್ಲೇ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಾಗ ಅದು ಕುಗ್ಗುತ್ತದೆ, ಸಮಯದ ವಿವರ ಅಳಿಸಿಹೋಗುತ್ತದೆ. ಮುಂದೆ ನ್ಯಾಯಾಲಯಕ್ಕೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಯಾವ ಫೋನಿನಲ್ಲಿ ತೆಗೆದದ್ದು ಎಂದು ಈಗಲೇ ಬರೆದಿಡಿ.

## ಹಂತ 6: ಲಿಖಿತ ದೂರು

ಫೋನ್ ಕರೆ ಅಂದಿನ ರಾತ್ರಿಗೆ. ಮುಂದಿನ ವಾರಕ್ಕೆ ಕಾಗದವೇ ಬೇಕು. ಹೆಚ್ಚಿನವರು ಸೋಲುವುದು ಇಲ್ಲಿ, ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ದೂರು ಮರಾಠಿಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ಸೊಸೈಟಿಯಲ್ಲಿ ಮರಾಠಿ ಬರೆಯಬಲ್ಲವರ ಸಹಾಯ ಪಡೆಯಿರಿ, ಶಾಲೆಯಲ್ಲಿ ಮರಾಠಿ ಕಲಿತ ಮಕ್ಕಳು ಮನೆಯಲ್ಲೇ ಇರುತ್ತಾರೆ. ಸಂಬೋಧನೆ ‘ವರಿಷ್ಠ ಪೋಲೀಸ್ ನಿರೀಕ್ಷಕ’ರಿಗೆ, ಕೆಳಗೆ ಠಾಣೆಯ ಹೆಸರು. ವಿಷಯದ ಸಾಲು: ‘ರಾತ್ರೀ ದಹಾನಂತರ ಧ್ವನಿಕ್ಷೇಪಕಾಚಾ ವಾಪರ’, ಅಂದರೆ ರಾತ್ರಿ ಹತ್ತರ ನಂತರ ಧ್ವನಿವರ್ಧಕದ ಬಳಕೆ. ಈ ಸಾಲು ನೋಡಿದೊಡನೆ ಇದು ಯಾವ ಬಗೆಯ ದೂರು ಎಂದು ಅಲ್ಲಿನವರಿಗೆ ತಿಳಿಯುತ್ತದೆ. ‘ನಾಗರಿಕರಿಗೆ ತೀವ್ರ ತೊಂದರೆ’ ಎಂದು ಬರೆದರೆ ಅದು ಚರಂಡಿಯ ದೂರೋ ನಾಯಿಯ ದೂರೋ ತಿಳಿಯಲು ಇಡೀ ಪತ್ರ ಓದಬೇಕು. ಓದುವಷ್ಟು ಪುರಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ.

ಒಳಗಿನ ಬರಹ ಒಂದು ಪುಟ ದಾಟಬಾರದು. ಕನ್ನಡದಲ್ಲಿ ಅದರ ಅಂದಾಜು ರೂಪ ಹೀಗಿರಲಿ:

“ಇಂಥ ದಿನಾಂಕದಂದು ರಾತ್ರಿ 10.40ರಿಂದ 12.50ರವರೆಗೆ ಇಂಥ ರಸ್ತೆಯ ಇಂಥ ಮೈದಾನದಲ್ಲಿ, ತೆರೆದ ಜಾಗದಲ್ಲಿ, ಧ್ವನಿವರ್ಧಕ ಬಳಸಲಾಯಿತು. ಇದು ಸಡಿಲಿಕೆಯ ದಿನವಲ್ಲ. 112ಕ್ಕೆ 10.55 ಮತ್ತು 12.05ಕ್ಕೆ ಕರೆ ಮಾಡಲಾಗಿದೆ, ದೂರಿನ ಸಂಖ್ಯೆಗಳು ಇಂಥವು. ಪೊಲೀಸರು ಹೋದ ನಂತರ 11.30ಕ್ಕೆ ಮತ್ತೆ ಆರಂಭವಾಯಿತು. ಇದು 2000ದ ಶಬ್ದಮಾಲಿನ್ಯ ನಿಯಮಗಳ 5ನೇ ನಿಯಮದ ಉಲ್ಲಂಘನೆ. 7ನೇ ನಿಯಮದಡಿ ಈ ದೂರು ಸಲ್ಲಿಸುತ್ತಿದ್ದೇನೆ. ಪರವಾನಗಿ ಕೊಡಲಾಗಿತ್ತೇ ಎಂದು ತಿಳಿಸಬೇಕು, ಕೊಟ್ಟಿದ್ದರೆ ಅದನ್ನು ರದ್ದುಪಡಿಸುವ ಪ್ರಕ್ರಿಯೆ ಆರಂಭಿಸಬೇಕು, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕು.”

ಇಷ್ಟೇ. ಧರ್ಮ, ಪಕ್ಷ, ಮಂಡಳದ ಅಧ್ಯಕ್ಷನ ಚರಿತ್ರೆ, ‘ಅವರಿಗೆ ಬಿಡುತ್ತೀರಿ ನಮಗೆ ಬಿಡುವುದಿಲ್ಲ’ ಎಂಬ ಹೋಲಿಕೆ, ಇವು ಯಾವುವೂ ಬೇಡ. ಇಂಥ ಒಂದು ವಾಕ್ಯ ಸೇರಿದರೂ ಶಬ್ದದ ದೂರು ಎರಡು ಗುಂಪುಗಳ ತಂಟೆಯಾಗಿ ಬದಲಾಗುತ್ತದೆ. ಆಗ ಠಾಣೆಯವರು ಎರಡೂ ಕಡೆಯವರನ್ನು ಕರೆದು ಕೂರಿಸಿ ಚಹಾ ಕುಡಿಸಿ ಕಳಿಸುತ್ತಾರೆ.

ಒಬ್ಬರೇ ಸಹಿ ಹಾಕಬೇಕೋ ಹಲವರೋ? ಸೊಸೈಟಿಯ ಲೆಟರ್‌ಹೆಡ್‌ನಲ್ಲಿ ಕಾರ್ಯದರ್ಶಿಯ ಸಹಿಯೊಂದಿಗೆ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಯಾರೊಬ್ಬರ ಹೆಸರೂ ಬಯಲಾಗುವುದಿಲ್ಲ, ಮುಂದಿನ ಪತ್ರವ್ಯವಹಾರಕ್ಕೆ ವಿಳಾಸವೂ ಇರುತ್ತದೆ. ಹೆಸರಿಲ್ಲದ ದೂರು ರಾತ್ರಿಯ ಕರೆಗೆ ಸಾಕು. ಆದರೆ ಕ್ರಮ ಏನಾಯಿತೆಂದು ಆಮೇಲೆ ಕೇಳಲು ಯಾರಾದರೊಬ್ಬರ ಹೆಸರು ಬೇಕೇ ಬೇಕು.

## ಹಂತ 7: ಮುದ್ರೆ ಬಿದ್ದ ಪ್ರತಿ

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಆವಕ ಮುದ್ರೆ, ದಿನಾಂಕ, ಕ್ರಮಸಂಖ್ಯೆ, ಸಹಿ ಹಾಕಿಸಿಕೊಳ್ಳಿ. ಮುದ್ರೆ ಮಸುಕಾಗಿ ಬಿದ್ದಿದ್ದರೆ ದಿನಾಂಕವನ್ನು ಪೆನ್ನಿನಲ್ಲಿ ಬರೆಸಿಕೊಳ್ಳಿ. ‘ಇಟ್ಟು ಹೋಗಿ, ಸಾಹೇಬರಿಗೆ ತೋರಿಸುತ್ತೇನೆ’ ಎಂದು ಹೇಳಿಸಿಕೊಂಡು ಬಂದ ದೂರು ಎಲ್ಲೂ ಇರುವುದಿಲ್ಲ. ಮುದ್ರೆ ಹಾಕಲು ಒಪ್ಪದಿದ್ದರೆ ವಾದ ಮಾಡದೆ ಹೊರಬಂದು ಅದೇ ದಿನ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಪ್ರತಿಗೆ ಹಚ್ಚಿ. ಠಾಣೆಯ ಇಮೇಲ್‌ಗೂ ಕಳಿಸಿ.

ಕೆಲವೊಮ್ಮೆ ಎನ್‌ಸಿ, ಅಂದರೆ ಅಸಂಜ್ಞೇಯ ಅಪರಾಧದ ದಾಖಲೆ, ಬರೆದು ಕೊಡುತ್ತಾರೆ. ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಮಿನಲ್ಲಿ 1,000 ರೂಪಾಯಿವರೆಗಿನ ದಂಡ ಮಾತ್ರ ಇದೆ. ಅದು ಅಸಂಜ್ಞೇಯ ಅಪರಾಧ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎನ್‌ಸಿ ಸಿಕ್ಕಿತೆಂದು ಖುಷಿಪಡಬೇಡಿ, ಬೇಡವೆಂದು ತಿರಸ್ಕರಿಸಲೂಬೇಡಿ. ಅದು ದಿನಾಂಕವಿರುವ ಸರ್ಕಾರಿ ಕಾಗದ. ಅದರ ಜೊತೆಗೆ ನಿಮ್ಮ ಲಿಖಿತ ದೂರನ್ನೂ ದಾಖಲಿಸಲೇಬೇಕೆಂದು ಹೇಳಿ. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 38ನೇ ಕಲಮಿನಲ್ಲಿ ಸಂಗೀತ, ಸದ್ದುಗಳನ್ನು ತಡೆಯುವ ಆದೇಶ ಹೊರಡಿಸುವ ಅಧಿಕಾರ ಆಯುಕ್ತರ ಮಟ್ಟದಲ್ಲಿದೆ, ಅದಕ್ಕೆ ಆಧಾರ ಠಾಣಾಧಿಕಾರಿಯ ವರದಿ. ಆ ವರದಿ ಹುಟ್ಟುವುದು ನಿಮ್ಮ ಕಾಗದದಿಂದಲೇ.

## ಹಂತ 8: ಮೇಲಕ್ಕೆ ಹತ್ತುವುದು

ಹದಿನೈದು ದಿನ ಕಾಯಿರಿ. ಉತ್ತರವಿಲ್ಲದಿದ್ದರೆ ಅಥವಾ ಶಬ್ದ ಮರುಕಳಿಸಿದರೆ ಸಹಾಯಕ ಪೊಲೀಸ್ ಆಯುಕ್ತರಿಗೆ, ಆಮೇಲೆ ವಲಯದ ಉಪ ಆಯುಕ್ತರಿಗೆ ಬರೆಯಿರಿ. ಹೊಸ ಕತೆ ಬರೆಯಬೇಡಿ. ಮುದ್ರೆ ಬಿದ್ದ ಹಳೆಯ ಪ್ರತಿ ಲಗತ್ತಿಸಿ, ಮೇಲೆ ನಾಲ್ಕು ಸಾಲು ಸಾಕು. ಮೊದಲ ದಿನವೇ ಆಯುಕ್ತರಿಗೆ, ಮುಖ್ಯಮಂತ್ರಿಗೆ, ಪ್ರಧಾನಿಗೆ ಏಕಕಾಲಕ್ಕೆ ಪತ್ರ ಬರೆಯುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಆ ಪತ್ರಗಳೆಲ್ಲ ಸುತ್ತು ಹೊಡೆದು ಕೊನೆಗೆ ಅದೇ ಠಾಣೆಯ ಅದೇ ಮೇಜಿಗೆ ಬಂದು ಬೀಳುತ್ತವೆ.

ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಇಂಥ ದಿನಾಂಕಗಳಲ್ಲಿ ಇಂಥ ಜಾಗಕ್ಕೆ ಕೊಟ್ಟ ಧ್ವನಿವರ್ಧಕ ಪರವಾನಗಿಯ ನಕಲು, ಇಂಥ ಕ್ರಮಸಂಖ್ಯೆಯ ದೂರಿನ ಮೇಲಿನ ಕ್ರಮದ ದಾಖಲೆ, ಇವಿಷ್ಟನ್ನೇ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಬೇಡಿ. ಕೇಳಬೇಕಾದದ್ದು ದಾಖಲೆ, ವಿವರಣೆಯಲ್ಲ. ಉತ್ತರ ಬಾರದಿದ್ದರೆ ಆ ಗಡುವು ಮುಗಿದ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೆ 20 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್.

ಕಾರ್ಖಾನೆ, ಜನರೇಟರ್‌ನಂಥ ನಿತ್ಯದ ಶಬ್ದವಾದರೆ ಸಯಾನ್‌ನ ಕಲ್ಪತರು ಪಾಯಿಂಟ್‌ನಲ್ಲಿರುವ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಗೂ ಪ್ರತಿ ಕಳಿಸಿ. ಪರಿಸರ ಸಂರಕ್ಷಣಾ ಕಾಯ್ದೆಯ 15ನೇ ಕಲಮಿನಲ್ಲಿ ಈಗ 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡಕ್ಕೆ ಅವಕಾಶವಿದೆ. ಮಂಡಳದ ಹುಡುಗರಿಗಿಂತ ವ್ಯವಹಾರಸ್ಥರು ಈ ಅಂಕಿಗೆ ಬೇಗ ಕಿವಿಗೊಡುತ್ತಾರೆ.

ಒಬ್ಬಿಬ್ಬರಿಗಲ್ಲದೆ ಇಡೀ ಪ್ರದೇಶಕ್ಕೇ ತೊಂದರೆಯಾಗುವ ಶಬ್ದವಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿಯಿಂದ ಉಪದ್ರವ ನಿವಾರಣೆಯ ಆದೇಶ ಕೋರಬಹುದು. ಮೇಲಿನ ಮನೆ ಕೆಳಗಿನ ಮನೆಯ ತಂಟೆಗೆ ಇದು ನಡೆಯುವುದಿಲ್ಲ. ಹೈಕೋರ್ಟ್ ಕೊನೆಯ ದಾರಿ. ಅಲ್ಲಿ ವಕೀಲರು ಮೊದಲು ಕೇಳುವುದು ನಿಮ್ಮ ಬಳಿ ಮುದ್ರೆ ಬಿದ್ದ ಪ್ರತಿ ಎಷ್ಟಿವೆ ಎಂದೇ.

## ಎಚ್ಚರಿಕೆಯ ಲಕ್ಷಣಗಳು

ದೂರು ಮುಗಿದಿದೆ ಎಂಬ ಸಂದೇಶ ಬಂದಾಗ ಶಬ್ದ ಇನ್ನೂ ಕೇಳುತ್ತಿದ್ದರೆ: ಸಂದೇಶದ ಚಿತ್ರ ಉಳಿಸಿಕೊಳ್ಳಿ, ಅದೇ ನಿಮಿಷದಲ್ಲಿ ಕಿಟಕಿಯಿಂದ ವೀಡಿಯೊ ತೆಗೆಯಿರಿ, ಮತ್ತೆ ಕರೆ ಮಾಡಿ.

ಠಾಣೆಯಲ್ಲಿ ನಿಮ್ಮೆದುರೇ ಮಂಡಳದವರಿಗೆ ಫೋನ್ ಹಚ್ಚಿದರೆ: ನಿಮ್ಮ ಹೆಸರು ಹೇಳಬಾರದೆಂದು ಅಲ್ಲೇ ವಿನಯದಿಂದ ಹೇಳಿ, ಮುಂದಿನ ಪತ್ರದಲ್ಲಿ ಇದನ್ನೂ ಒಂದು ಸಾಲಿನಲ್ಲಿ ಬರೆಯಿರಿ.

ರಾಜಿ ಪತ್ರಕ್ಕೆ ಸಹಿ ಕೇಳಿದರೆ: ‘ದೂರು ಹಿಂದಕ್ಕೆ ಪಡೆದಿದ್ದೇನೆ’ ಎಂಬ ಸಾಲು ಅದರಲ್ಲಿ ಇದೆಯೇ ನೋಡಿ. ಇದ್ದರೆ ಆ ದೂರು ಲೆಕ್ಕದಿಂದ ಹೊರಗಾಗುತ್ತದೆ, ಮುಂದಿನದು ಮತ್ತೆ ಮೊದಲನೆಯದಾಗುತ್ತದೆ. ಶಬ್ದ ನಿಲ್ಲಿಸುವ ಭರವಸೆಯನ್ನು ಅವರು ಬರೆದು ಕೊಡಲಿ, ನೀವು ಸ್ವೀಕರಿಸಿದ್ದೇನೆ ಎಂದಷ್ಟೇ ಬರೆಯಿರಿ.

ಯಾರಾದರೂ ಮನೆ ಬಾಗಿಲಿಗೆ ಬಂದರೆ: ಬಾಗಿಲು ತೆರೆಯದೆ ಮಾತಾಡಿ, ವಾಚ್‌ಮನ್‌ನನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ. ಬೆದರಿಕೆ ಹಾಕಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನ ಬೇರೆಯೇ ಅಪರಾಧ. ಅದಕ್ಕೆ ಬೇರೆ ಕಾಗದದಲ್ಲಿ ಬೇರೆ ದೂರು ಕೊಡಿ, ಸೊಸೈಟಿಯ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲು ಕಾರ್ಯದರ್ಶಿಯಿಂದ ಅದನ್ನು ತೆಗೆಸಿಟ್ಟುಕೊಳ್ಳಿ. ಶಬ್ದದ ಕಡತಕ್ಕೆ ಇದನ್ನು ಬೆರೆಸಬೇಡಿ. ಬೆರೆಸಿದರೆ ಎರಡೂ ಸೇರಿ ‘ವೈಯಕ್ತಿಕ ದ್ವೇಷ’ ಎಂಬ ಒಂದೇ ಷರಾದೊಂದಿಗೆ ಮುಚ್ಚಿಹೋಗುತ್ತವೆ.